ಅಣ್ಣನಿಗೆ ಸೊನ್ನೆ, ತಮ್ಮನಿಗೆ 1,17,000: ಒಂದೇ ಚಿಕಿತ್ಸೆಯ ಎರಡು ಬಿಲ್

ನಮ್ಮ ದೊಡ್ಡಪ್ಪನ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಹಳೇ ಮನೆಯನ್ನು ಪಾಲು ಮಾಡಿಕೊಂಡಾಗ ಎದ್ದ ಗೋಡೆ ಅದು. ಇಬ್ಬರಿಗೂ ತಲಾ ಎರಡು ಎಕರೆ ತೆಂಗಿನ ತೋಟ. ಇಬ್ಬರ ಕೊಟ್ಟಿಗೆಯಲ್ಲೂ ಹಸುಗಳಿವೆ, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಕೊಬ್ಬರಿ, ಹಾಲು ಎರಡೂ ಸೇರಿ, ಖರ್ಚೆಲ್ಲ ಕಳೆದು, ವರ್ಷಕ್ಕೆ ಕೈಯಲ್ಲಿ ಉಳಿಯುವುದು ಇಬ್ಬರಿಗೂ ಹೆಚ್ಚೂಕಡಿಮೆ ಒಂದು ಲಕ್ಷ. ಇಬ್ಬರಿಗೂ ಹೃದಯದ ರಕ್ತನಾಳ ಕಟ್ಟಿಕೊಂಡಿತು. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ, ರಕ್ತನಾಳ ಮತ್ತೆ ಮುಚ್ಚದಂತೆ ಹಿಡಿದಿಡುವ ಒಂದೊಂದು ಸ್ಟೆಂಟ್ ಹಾಕಿದರು.

2022ರಲ್ಲಿ ದೊಡ್ಡಪ್ಪ ಆ ಆಸ್ಪತ್ರೆಗೆ ಕಟ್ಟಿದ್ದು ಸೊನ್ನೆ. 2025ರ ಜನವರಿಯಲ್ಲಿ ಚಿಕ್ಕಪ್ಪ ಕಟ್ಟಿದ್ದು 1,17,000 ರೂಪಾಯಿ.

ಎರಡೂ ಸಲ ಆಸ್ಪತ್ರೆಯಲ್ಲಿ ಓಡಾಡಿದವಳು ನಾನೇ. ಚೀಟಿಗಳನ್ನು ಫೈಲಿಗೆ ಸೇರಿಸಿದವಳೂ ನಾನೇ. ಚಿಕ್ಕಪ್ಪನ ಡಿಸ್ಚಾರ್ಜ್ ಆದ ಮೇಲೆ ಒಂದು ಭಾನುವಾರ ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಆರೋಗ್ಯ ವಿಮೆಯಲ್ಲಿ ಸರ್ಕಾರಗಳು ಒಂದಾದ ಮೇಲೊಂದು ಸುಧಾರಣೆ ತಂದಿವೆ. ಅದರ ಲಾಭ ಯಾವ ಮನೆಗೆ ಎಷ್ಟು ಬಂತು ಅನ್ನೋದು ನನಗೆ ಅವತ್ತು ಮೊದಲ ಸಲ ಸರಿಯಾಗಿ ಕಂಡಿತು.

ಕಾರ್ಡಿನ ಕಥೆ

ಮೊದಲು ಯೋಜನೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕರ್ನಾಟಕದಲ್ಲಿ 2018ಕ್ಕೆ ಮೊದಲು ಬೇರೆ ಬೇರೆ ಯೋಜನೆಗಳಿದ್ದವು. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ. ಬಿಪಿಎಲ್ ಕುಟುಂಬಗಳಿಗೆ 2010ರ ವಾಜಪೇಯಿ ಆರೋಗ್ಯಶ್ರೀ. ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ. ಅಪಘಾತದಲ್ಲಿ ಗಾಯಗೊಂಡವರಿಗೆ ಹರೀಶ್ ಸಾಂತ್ವನ. ಯಾವ ಕಾಯಿಲೆಗೆ ಯಾವ ಕಾರ್ಡ್ ತೋರಿಸಬೇಕು ಅನ್ನೋದೇ ಹಳ್ಳಿಯವರಿಗೆ ದೊಡ್ಡ ಗೊಂದಲವಾಗಿತ್ತು. 2018ರ ಮಾರ್ಚ್ 2ರಂದು ಇವನ್ನೆಲ್ಲ ಸೇರಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡೂ ಒಂದಾದವು.

ಒಂದಾದ ಯೋಜನೆಯ ನಿಯಮ ಸರಳ. ನಿಮ್ಮ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ವರ್ಷಕ್ಕೆ ಇಡೀ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಪೂರ್ತಿ ಉಚಿತ. ಬಿಪಿಎಲ್ ಇಲ್ಲದಿದ್ದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿ. ಉಳಿದದ್ದು ರೋಗಿಯ ತಲೆಯ ಮೇಲೆ.

ಇಲ್ಲಿ ಒಂದು ಮಾತು ನೆನಪಿಡಿ. ಶೇ. 30 ಅನ್ನೋದು ಆಸ್ಪತ್ರೆಯ ಬಿಲ್ಲಿನ ಶೇ. 30 ಅಲ್ಲ. ಪ್ರತಿ ಚಿಕಿತ್ಸೆಗೂ ಸರ್ಕಾರ ಒಂದು ದರ ನಿಗದಿ ಮಾಡಿರುತ್ತದೆ, ಅದರ ಶೇ. 30. ಲೆಕ್ಕಕ್ಕೆ ಪ್ಯಾಕೇಜ್ ದರ 1 ಲಕ್ಷ ಎಂದಿಟ್ಟುಕೊಳ್ಳಿ. ಸರ್ಕಾರದ ಪಾಲು 30 ಸಾವಿರ. ಆಸ್ಪತ್ರೆಯ ಬಿಲ್ 1.5 ಲಕ್ಷ ಆದರೆ ನಿಮ್ಮ ಪಾಲು 1.2 ಲಕ್ಷ. ಅಂದರೆ ಬಿಲ್ಲಿನ ಐದನೇ ಒಂದು ಭಾಗ ಮಾತ್ರ ಯೋಜನೆಯಿಂದ ಬಂದಂತಾಯಿತು. ಇದನ್ನು ಎಪಿಎಲ್ ಮನೆಯವರಿಗೆ ಮೊದಲೇ ಬಿಡಿಸಿ ಹೇಳುವವರು ಯಾರೂ ಇಲ್ಲ. ಬಿಲ್ ಕೈಗೆ ಬಂದಾಗಲೇ ಗೊತ್ತಾಗುವುದು.

ದೊಡ್ಡಪ್ಪನ ಫೈಲ್

ದೊಡ್ಡಪ್ಪನಿಗೆ ಮರ ಹತ್ತುವವರ ಜೊತೆ ತೋಟದಲ್ಲಿ ಕಾಯಿ ಆರಿಸುವಾಗ ಎದೆ ಬಿಗಿದಂತಾಗುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ತಿಂಗಳು ಸುಮ್ನೆ ಇದ್ದರು. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ರೆಫರಲ್ ಚೀಟಿ ಬರೆದು ಕೊಡುತ್ತಾರೆ. ಆಮೇಲೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಅಂತ ಗುರುತಿಸಿದ ಸುಮಾರು 170 ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಚೀಟಿ ಸಿಗಲು ಮೂರು ದಿನ ಓಡಾಡಿದೆವು. ಒಂದು ದಿನ ಡಾಕ್ಟರ್ ಸಿಗಲಿಲ್ಲ. ಇನ್ನೊಂದು ದಿನ ಹೊರಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬನ್ನಿ ಅಂದರು. ಆದರೆ ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಎಲ್ಲವೂ ಸರಾಗ. ಕೌಂಟರಿನಲ್ಲಿ ಕೂತಿದ್ದ ಆರೋಗ್ಯ ಮಿತ್ರ ಹುಡುಗ ರೇಷನ್ ಕಾರ್ಡ್, ಆಧಾರ್ ನೋಡಿ, "ಅಜ್ಜ, ನೀವು ಒಂದು ರೂಪಾಯಿನೂ ಕೊಡೋ ಹಾಗಿಲ್ಲ, ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಬನ್ನಿ" ಅಂದ. ಹಾಗೇ ಆಯಿತು. ಯಾರೂ ಕೇಳಲಿಲ್ಲ.

ಆದರೂ ದೊಡ್ಡಪ್ಪನ ಮನೆಗೆ ಖರ್ಚೇ ಆಗಲಿಲ್ಲ ಅಂತಲ್ಲ. ಹೊರಗೆ ಮಾಡಿಸಿದ ಎಕೋ ಮತ್ತು ರಕ್ತ ಪರೀಕ್ಷೆ, ಬಾಡಿಗೆ ಕಾರು, ಐದು ದಿನ ದೊಡ್ಡಮ್ಮನ ಊಟ ತಿಂಡಿ, ಹಸು ನೋಡಿಕೊಳ್ಳಲು ಇಟ್ಟ ಆಳಿನ ಕೂಲಿ. ಎಲ್ಲ ಕೂಡಿಸಿದರೆ ಸುಮಾರು 11,000. ವರ್ಷಕ್ಕೆ ಲಕ್ಷ ಉಳಿಯುವ ಮನೆಯಲ್ಲಿ ಇದು ಶೇ. 11. ವಿಶ್ವಸಂಸ್ಥೆಯ ಗುರಿಗಳಲ್ಲಿ 2025ರಲ್ಲಿ ಬದಲಾಗುವವರೆಗೆ ಒಂದು ಅಳತೆಗೋಲು ಇತ್ತು: ಮನೆಯ ಆದಾಯ ಅಥವಾ ಖರ್ಚಿನ ಶೇ. 10ಕ್ಕಿಂತ ಜಾಸ್ತಿ ಚಿಕಿತ್ಸೆಗೆ ಹೋದರೆ ಆ ಕುಟುಂಬ ಹೊರಲಾರದ ಹೊರೆ ಹೊತ್ತಿದೆ ಎಂದು ಲೆಕ್ಕ. ಪೂರ್ತಿ ಉಚಿತ ಚಿಕಿತ್ಸೆ ಸಿಕ್ಕ ದೊಡ್ಡಪ್ಪನ ಮನೆಯೂ ಆ ಗೆರೆಯನ್ನು ದಾಟಿತ್ತು. ಅಂದರೆ ಕಾರ್ಡ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ.

ಹಾಗಾಗಿ ಈ ಯೋಜನೆಯ ಬಗ್ಗೆ ನಾನು ಹಗುರವಾಗಿ ಮಾತನಾಡುವುದಿಲ್ಲ. ಅದು ಜೀವ ಉಳಿಸುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ಉತ್ತರದ ಜಿಲ್ಲೆಗಳಿಗೆ. ದಕ್ಷಿಣಕ್ಕೆ ಬರಲು 2012 ಆಯಿತು. ಈ ನಡುವಿನ ಕಾಲದಲ್ಲಿ ಯೋಜನೆ ಇದ್ದ ಮತ್ತು ಇಲ್ಲದ 572 ಹಳ್ಳಿಗಳನ್ನು ಹೋಲಿಸಿ ಸಂಶೋಧಕರು ಒಂದು ಅಧ್ಯಯನ ಮಾಡಿದರು. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಯೋಜನೆ ಇದ್ದ ಕಡೆ, ಅದರ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡವರು ಸಾಯುವ ಪ್ರಮಾಣ ಶೇ. 64ರಷ್ಟು ಕಡಿಮೆ ಇತ್ತು. ದೊಡ್ಡ ಚಿಕಿತ್ಸೆಗೆ ಆಸ್ಪತ್ರೆ ಸೇರಿದವರ ಕೈಯಿಂದ ಹೋದ ಖರ್ಚು ಶೇ. 34ರಷ್ಟು ಇಳಿದಿತ್ತು. ಈ ಎರಡೂ ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಸಾವು ಅಷ್ಟೊಂದು ಇಳಿದಾಗಲೂ ಖರ್ಚು ಇಳಿದದ್ದು ಮೂರನೇ ಒಂದು ಭಾಗ. ಉಳಿದದ್ದು ಎಲ್ಲಿ ಹೋಗುತ್ತದೆ ಅನ್ನೋದಕ್ಕೆ ದೊಡ್ಡಪ್ಪನ 11,000ದ ಲೆಕ್ಕ ಒಂದಿಷ್ಟು ಉತ್ತರ ಕೊಡುತ್ತದೆ.

ಚಿಕ್ಕಪ್ಪನ ಕಾರ್ಡ್ ಹೋದದ್ದು

ಚಿಕ್ಕಪ್ಪನ ಮನೆಯಲ್ಲೂ 2024ರವರೆಗೆ ಬಿಪಿಎಲ್ ಕಾರ್ಡೇ ಇತ್ತು. ಅದರಲ್ಲಿ ಮೂರು ಹೆಸರು: ಚಿಕ್ಕಪ್ಪ, ಚಿಕ್ಕಮ್ಮ, ಮಗ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಸಂಬಳ ತಿಂಗಳಿಗೆ 70 ಸಾವಿರ. ಮದುವೆಯಾಗಿ ಒಂದು ಮಗುವಿದೆ. ಅವನ ಹೆಸರನ್ನು ಕಾರ್ಡಿನಿಂದ ತೆಗೆಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಕರ್ನಾಟಕದಲ್ಲಿ ವರ್ಷಕ್ಕೆ 1.2 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದರೆ, ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಅಥವಾ ಸರ್ಕಾರಿ ನೌಕರರು ಇದ್ದರೆ ಬಿಪಿಎಲ್ ಕಾರ್ಡ್ ಸಿಗುವುದಿಲ್ಲ. 2024ರ ಕೊನೆಯಲ್ಲಿ ಇಂಥ ಕಾರ್ಡುಗಳನ್ನು ಹುಡುಕಿ ತೆಗೆಯುವ ಕೆಲಸ ಜೋರಾಗಿ ನಡೆಯಿತು. ಅರ್ಹರ ಕಾರ್ಡುಗಳೂ ಹೋದವು ಅಂತ ಗಲಾಟೆಯಾಗಿ, ನವೆಂಬರಿನಲ್ಲಿ ಸರ್ಕಾರ ಹಿಂದೆ ಸರಿಯಿತು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಎಂದಿತು. ಚಿಕ್ಕಪ್ಪನ ಮಗ ತೆರಿಗೆ ಕಟ್ಟುವವನು. ಅವರ ಕಾರ್ಡ್ ವಾಪಸ್ ಬರಲಿಲ್ಲ.

ನಿಯಮ ತಪ್ಪು ಅಂತ ನಾನು ಹೇಳಲಾರೆ. 70 ಸಾವಿರ ಸಂಬಳದ ಮಗನ ಹೆಸರು ಬಡವರ ಪಟ್ಟಿಯಲ್ಲಿ ಇರಬಾರದು, ಅದು ನಿಜ. ಆದರೆ ಆ ಮಗ ಬೇರೆ ಊರಿನಲ್ಲಿ ಬೇರೆ ಒಲೆ ಹೂಡಿದ್ದಾನೆ. ಬಾಡಿಗೆ, ಮಗುವಿನ ಸ್ಕೂಲ್ ಫೀಸ್, ಮದುವೆಗೆ ಮಾಡಿದ ಸಾಲದ ಕಂತು ಕಳೆದು ಅವನು ಊರಿಗೆ ಕಳಿಸುವುದು ತಿಂಗಳಿಗೆ 3 ಸಾವಿರ. ಕಾರ್ಡ್ ಹೋದಾಗ ಚಿಕ್ಕಮ್ಮ ಬೇಜಾರು ಮಾಡಿಕೊಂಡಿದ್ದು ಅಕ್ಕಿಗಾಗಿ. "ಹೋಗ್ಲಿ ಬಿಡು, ಅಕ್ಕಿ ತಾನೆ, ದುಡ್ಡು ಕೊಟ್ಟು ತರೋಣ" ಅಂದರು ಚಿಕ್ಕಪ್ಪ. ಅಕ್ಕಿಯ ಜೊತೆಗೆ 5 ಲಕ್ಷದ ಆಸ್ಪತ್ರೆಯ ಆಸರೆಯೂ ಹೋಯಿತು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಹೊಳೆಯಲಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡು ತಿಂಗಳೂ ಆಗಿರಲಿಲ್ಲ. ಜನವರಿಯ ಒಂದು ರಾತ್ರಿ 11 ಗಂಟೆಗೆ ಚಿಕ್ಕಮ್ಮನ ಫೋನ್. ಚಿಕ್ಕಪ್ಪ ಬೆವೆತು ಹೋಗಿದ್ದಾರೆ, ಎಡಗೈ ಸೆಳೆಯುತ್ತಿದೆ ಅಂತ ಹೇಳುತ್ತಿದ್ದಾರೆ. ಬೆಂಗಳೂರಿನ ಸರ್ಕಾರಿ ಹೃದ್ರೋಗ ಆಸ್ಪತ್ರೆಗೆ ಹೋಗಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು ಅಂತ ಆಮೇಲೆ ಬಹಳ ಜನ ಹೇಳಿದರು. ಆ ಹೊತ್ತಿನಲ್ಲಿ ಅಷ್ಟು ದೂರದ ದಾರಿ ಹಿಡಿಯುವ ಧೈರ್ಯ ಯಾರಿಗಿರುತ್ತದೆ? ದೊಡ್ಡಪ್ಪನನ್ನು ಸೇರಿಸಿದ್ದ ಆಸ್ಪತ್ರೆಗೇ ಹೋದೆವು, ಅದು ಹತ್ತಿರ, ಗುರುತಿನ ಜಾಗ. ತುರ್ತು ಆದ್ದರಿಂದ ರೆಫರಲ್ ಬೇಕಾಗಲಿಲ್ಲ. ಎರಡು ದಿನ ಐಸಿಯು, ಒಂದು ಸ್ಟೆಂಟ್, ಒಟ್ಟು ಐದು ದಿನ.

ಬಿಲ್ 1,38,000. ಯೋಜನೆಯ ಪಾಲು ಅಂತ ಕಳೆದದ್ದು 21,000. ಕಟ್ಟಿದ್ದು 1,17,000. ಹೊರಗಿನ ಖರ್ಚು ಇನ್ನೊಂದು 18,000. ಒಟ್ಟು 1,35,000.

ದೊಡ್ಡಪ್ಪನದು ಮೊದಲೇ ಗೊತ್ತುಮಾಡಿಕೊಂಡು ಹೋದ ಚಿಕಿತ್ಸೆ, ಚಿಕ್ಕಪ್ಪನದು ತುರ್ತಿನದು, ಹಾಗಾಗಿ ಎರಡರ ಬಿಲ್ ಒಂದೇ ಆಗಿರಬೇಕಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಹಳೇ ಕಾರ್ಡ್ ಇದ್ದಿದ್ದರೆ ಚಿಕ್ಕಪ್ಪನ 1,17,000 ಕೂಡ ಸೊನ್ನೆಯೇ ಆಗುತ್ತಿತ್ತು. ಅವರ ವರ್ಷದ ಉಳಿಕೆಗಿಂತ ಖರ್ಚೇ ಜಾಸ್ತಿ ಆಯಿತು. ಮಗನ ಸಂಬಳವನ್ನೂ ಸೇರಿಸಿ ಇಡೀ ಕುಟುಂಬದ್ದು ವರ್ಷಕ್ಕೆ 9.4 ಲಕ್ಷ ಎಂದು ಹಿಡಿದರೂ ಶೇ. 14 ದಾಟುತ್ತದೆ. ಅಂದರೆ ಸರ್ಕಾರದ ಕಣ್ಣಿಗೆ ಉಳ್ಳವರಾಗಿ ಕಂಡ ಮನೆಯ ಹೊರೆ, ಯಾವ ಕಡೆಯಿಂದ ಲೆಕ್ಕ ಹಾಕಿದರೂ, ಬಡವರಾಗಿ ಕಂಡ ಮನೆಯ ಹೊರೆಗಿಂತ ಜಾಸ್ತಿ.

ದುಡ್ಡು ಎಲ್ಲಿಂದ ಬಂತು? ಚಿಕ್ಕಮ್ಮನ ಸರ ಮತ್ತು ಬಳೆ ಬ್ಯಾಂಕಿನಲ್ಲಿ ಅಡ ಇಟ್ಟದ್ದರಿಂದ 60 ಸಾವಿರ. ಮಗನ ಕ್ರೆಡಿಟ್ ಕಾರ್ಡಿನಿಂದ 40 ಸಾವಿರ. ಉಳಿದ 35 ಸಾವಿರದಲ್ಲಿ ದೊಡ್ಡಪ್ಪ ಕೊಟ್ಟದ್ದು 15 ಸಾವಿರ, ಇನ್ನಷ್ಟು ಮಹಿಳಾ ಸಂಘದ ಸಾಲ, ಕೈಸಾಲ. ಬಿಪಿಎಲ್ ಅಣ್ಣನಿಂದ ಎಪಿಎಲ್ ತಮ್ಮ ಸಾಲ ತೆಗೆದುಕೊಂಡ.

ಗೆರೆಯ ಮೇಲಿನವರು

ಈಗ ನನ್ನ ಮನೆಗೆ ಬರುತ್ತೇನೆ. ನಾನು, ನನ್ನ ಗಂಡ ಇಬ್ಬರೂ ದುಡಿಯುತ್ತೇವೆ. ಇಬ್ಬರಿಗೂ ಮಗಳಿಗೂ ಸೇರಿ ಒಂದು ಖಾಸಗಿ ಆರೋಗ್ಯ ಪಾಲಿಸಿ ಇದೆ. ಪ್ರೀಮಿಯಂ 28,000. ಅದರ ಮೇಲೆ ಶೇ. 18 ಜಿಎಸ್‌ಟಿ 5,040 ಸೇರಿ 33,040 ಕಟ್ಟುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ಮತ್ತು ಕುಟುಂಬಗಳು ಕೊಳ್ಳುವ ಆರೋಗ್ಯ ಪಾಲಿಸಿಗಳ ಮೇಲೆ ಆ ತೆರಿಗೆ ಇಲ್ಲ. ನನಗೆ ಸುಮ್ನೆ ಕೂತಲ್ಲೇ 5,040 ಉಳಿಯಿತು.

ಇದಕ್ಕೂ ಮೊದಲಿನಿಂದಲೇ ಇನ್ನೊಂದು ಅನುಕೂಲ ಇದೆ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಆರೋಗ್ಯ ಪ್ರೀಮಿಯಂಗೆ 25,000ದವರೆಗೆ ವಿನಾಯಿತಿ. ಶೇ. 30ರ ಸ್ಲ್ಯಾಬಿನಲ್ಲಿರುವವರಿಗೆ ಇದರಿಂದ ಸೆಸ್ ಸೇರಿ 7,800 ಉಳಿಯುತ್ತದೆ. ಶೇ. 20ರ ಸ್ಲ್ಯಾಬಿನವರಿಗೆ 5,200. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಏನೂ ಇಲ್ಲ. ಒಂದೇ ಪಾಲಿಸಿ, ಒಂದೇ ಪ್ರೀಮಿಯಂ, ಆದರೆ ಸಂಬಳ ಜಾಸ್ತಿ ಇದ್ದಷ್ಟೂ ಸರ್ಕಾರದ ನೆರವು ಜಾಸ್ತಿ. ಇದು ಬಹಳ ಹಿಂದಿನಿಂದ ನಡೆದುಕೊಂಡು ಬಂದಿದೆ, ಯಾರೂ ಇದನ್ನು ಉಚಿತ ಕೊಡುಗೆ ಅಂತ ಕರೆಯುವುದಿಲ್ಲ.

ಚಿಕ್ಕಪ್ಪನ ಮಗನಿಗೆ ಕಂಪನಿಯ ಗ್ರೂಪ್ ವಿಮೆ ಇದೆ. ಅವನು, ಹೆಂಡತಿ, ಮಗು ಮಾತ್ರ ಅದರಲ್ಲಿದ್ದಾರೆ, ಅಪ್ಪ ಅಮ್ಮನಿಗೆ ಜಾಗವಿಲ್ಲ. ಅಪ್ಪನಿಗೆ ಹೃದಯಾಘಾತ ಆದ ಮೇಲೆ ಬೇರೆ ಪಾಲಿಸಿ ಕೊಳ್ಳೋಣ ಅಂತ ವಿಚಾರಿಸಿದ. ಇಲ್ಲೂ ಕೆಲವು ಒಳ್ಳೆಯ ಬದಲಾವಣೆಗಳಾಗಿವೆ. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ 65 ವರ್ಷದ ವಯಸ್ಸಿನ ಮಿತಿ ತೆಗೆದಿದೆ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು 4 ವರ್ಷದಿಂದ 3 ವರ್ಷಕ್ಕೆ ಇಳಿಸಿದೆ. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ತನ್ನನ್ನು ಕೇಳಬೇಕು ಎಂದೂ ಹೇಳಿದೆ. ಆದರೂ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರಿಗೂ ಸೇರಿ ಅವನಿಗೆ ಹೇಳಿದ ಮೊತ್ತ ವರ್ಷಕ್ಕೆ 46 ಸಾವಿರ. ಅದರಲ್ಲೂ ಹೃದಯದ ಕಾಯಿಲೆಗೆ 3 ವರ್ಷ ಕಾಯಬೇಕು. "ಅಕ್ಕ, ಯಾವುದಕ್ಕೆ ಬೇಕೋ ಅದೇ ಇಲ್ಲದ ಪಾಲಿಸಿಗೆ ಅಷ್ಟು ದುಡ್ಡು ಎಲ್ಲಿಂದ ತರಲಿ?" ಅಂದ. ಜಿಎಸ್‌ಟಿ ಹೋದದ್ದು ಕೊಳ್ಳುವ ಶಕ್ತಿ ಇದ್ದವರಿಗೆ ಉಪಕಾರವಾಯಿತು. ಕೊಳ್ಳಲಾಗದವನಿಗೆ ಸೊನ್ನೆಯ ಶೇ. 18 ಸೊನ್ನೆಯೇ ಅಲ್ವಾ?

ಇನ್ನು ದೊಡ್ಡಪ್ಪನ ಮಗಳು. ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸಂಬಳ 14,000. ಅವಳಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆ. 2019ರ ಜುಲೈಯಲ್ಲಿ ಇಎಸ್‌ಐ ವಂತಿಗೆಯನ್ನು ಇಳಿಸಿದರು. ಈಗ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅವಳ ಸಂಬಳದಿಂದ ಹಿಡಿಯುವುದು ತಿಂಗಳಿಗೆ 105 ರೂಪಾಯಿ. ಹೋದ ವರ್ಷ ಪಿತ್ತಕೋಶದ ಕಲ್ಲಿಗೆ ಅವಳ ಆಪರೇಷನ್ ಆಯಿತು, ಒಂದು ಪೈಸೆ ಕೊಡಲಿಲ್ಲ. ರಜೆಯ ದಿನಗಳಿಗೆ ಸಂಬಳದ ಶೇ. 70 ಕೂಡ ಇಎಸ್‌ಐಯಿಂದ ಬಂತು. ದೊಡ್ಡಪ್ಪನಿಗೆ ಸಿಗದ ಕೂಲಿಯ ಪರಿಹಾರ ಅವಳಿಗೆ ಸಿಕ್ಕಿತು. ನನಗೆ ಇದು ಬಹಳ ಒಳ್ಳೆಯ ವ್ಯವಸ್ಥೆ ಅನಿಸುತ್ತದೆ. ಆದರೆ ಅಲ್ಲೂ ಒಂದು ಗೆರೆ ಇದೆ: 21,000. 2017ರಿಂದ ಅದು ಕದಲಿಲ್ಲ. ಸಂಬಳ ಅದನ್ನು ದಾಟಿದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ ಇರುತ್ತಾರೆ, ಆಮೇಲೆ ಹೊರಗೆ. 20,900 ಸಂಬಳದವಳಿಗೆ ಸುಮಾರು 157 ರೂಪಾಯಿಗೆ ಇಡೀ ಕುಟುಂಬದ ಚಿಕಿತ್ಸೆ, 21,500 ಆದವಳಿಗೆ ಏನೂ ಇಲ್ಲ.

ನಡುವೆ ಸಿಕ್ಕವರು

ಚಿಕ್ಕಪ್ಪ ಒಬ್ಬರೇ ಅಲ್ಲ. 2021ರ ಅಕ್ಟೋಬರಿನಲ್ಲಿ ನೀತಿ ಆಯೋಗ ಒಂದು ವರದಿ ಕೊಟ್ಟಿತು. ದೇಶದ ಜನರಲ್ಲಿ ಸುಮಾರು ಶೇ. 30 ಮಂದಿಗೆ, ಅಂದರೆ 40 ಕೋಟಿ ಜನರಿಗೆ, ಚಿಕಿತ್ಸೆಯ ಖರ್ಚಿಗೆ ಯಾವ ಆಸರೆಯೂ ಇಲ್ಲ ಎಂದಿತು. ಸರ್ಕಾರಿ ಯೋಜನೆಗೆ ಬೇಕಾದಷ್ಟು ಬಡವರಲ್ಲ, ಖಾಸಗಿ ಪಾಲಿಸಿ ಕೊಳ್ಳುವಷ್ಟು ಅನುಕೂಲಸ್ಥರೂ ಅಲ್ಲ. ಸಣ್ಣ ರೈತರು, ಆಟೋ ಓಡಿಸುವವರು, ಅಂಗಡಿ ಇಟ್ಟುಕೊಂಡವರು, ಸ್ವಂತ ಕೆಲಸ ಮಾಡುವವರು.

ದೇಶದ ಲೆಕ್ಕ ನೋಡಿದರೆ ಚಿತ್ರ ಚೆನ್ನಾಗಿದೆ. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನರ ಜೇಬಿನಿಂದ ಹೋಗುವ ಪಾಲು 2013-14ರಲ್ಲಿ ಶೇ. 64.2 ಇತ್ತು. 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ. ಇದು ಸಣ್ಣ ಸಾಧನೆ ಅಲ್ಲ. ಆದರೆ ಇದು ಎಲ್ಲರ ಸರಾಸರಿ. ನಮ್ಮ ಗೋಡೆಯ ಆ ಕಡೆ ಸೊನ್ನೆ, ಈ ಕಡೆ 1,17,000. ಎರಡರ ಸರಾಸರಿ 58,500. ಆ 58,500 ಅನ್ನು ಎರಡೂ ಮನೆಯವರು ಕಟ್ಟಲಿಲ್ಲ.

ಎರಡು ಫೈಲುಗಳನ್ನು ನೋಡುತ್ತಾ ನನಗೆ ಹೊಳೆದ ಇನ್ನೊಂದು ವಿಷಯ ಸ್ಟೆಂಟಿನ ಬೆಲೆ. ಒಂದು ಕಾಲದಲ್ಲಿ ಔಷಧ ಲೇಪಿತ ಸ್ಟೆಂಟ್ ಒಂದಕ್ಕೇ ಲಕ್ಷ ದಾಟುತ್ತಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ 29,600 ರೂಪಾಯಿಯ ಮಿತಿ ಹಾಕಿತು, ಸಾಮಾನ್ಯ ಲೋಹದ ಸ್ಟೆಂಟಿಗೆ 7,260. ಆಮೇಲೆ ಮಿತಿ ಸ್ವಲ್ಪ ಏರಿದೆ, ಇರಲಿ. ಆದರೆ ಈ ಒಂದು ನಿರ್ಧಾರ ಕಾರ್ಡ್ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ರೆಫರಲ್ ಚೀಟಿ ಕೇಳಲಿಲ್ಲ. ಚಿಕ್ಕಪ್ಪನ ಬಿಲ್ 1,38,000ಕ್ಕೆ ನಿಂತದ್ದು ಅದರಿಂದ. ಇಲ್ಲದಿದ್ದರೆ ಎರಡು ಲಕ್ಷದ ಮೇಲೆ ಹೋಗುತ್ತಿತ್ತು. ಶೇ. 30ರ ನೆರವಿನಿಂದ ಅವರಿಗೆ ಬಂದದ್ದು 21,000. ಬೆಲೆಗೆ ಹಾಕಿದ ಮಿತಿಯಿಂದ ಉಳಿದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ವಿಮೆಯ ಸುಧಾರಣೆ ಅಂದಾಗ ನಾವು ಕಾರ್ಡಿನ ಬಗ್ಗೆಯೇ ಮಾತನಾಡುತ್ತೇವೆ, ಬೆಲೆಯ ಬಗ್ಗೆ ಮಾತನಾಡುವುದು ಕಡಿಮೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದು ಸಲ ಆಸ್ಪತ್ರೆ ಸೇರಿದರೆ ಆಗುವ ಸರಾಸರಿ ಖರ್ಚು, ಹೆರಿಗೆ ಬಿಟ್ಟು, ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ಏಳು ಪಟ್ಟು. ಹತ್ತಿರದಲ್ಲೇ ರಾತ್ರಿ 11 ಗಂಟೆಗೆ ಸ್ಟೆಂಟ್ ಹಾಕುವ ಸರ್ಕಾರಿ ಆಸ್ಪತ್ರೆ ಇದ್ದಿದ್ದರೆ ಚಿಕ್ಕಪ್ಪನ ಕಾರ್ಡಿನ ಬಣ್ಣ ಇಷ್ಟು ಮುಖ್ಯ ಆಗುತ್ತಲೇ ಇರಲಿಲ್ಲ.

ಎಪಿಎಲ್‌ನವರಿಗೆ ಇನ್ನೂ ಜಾಸ್ತಿ ಕೊಡಲು ದುಡ್ಡು ಎಲ್ಲಿದೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಯೋಜನೆಗೆ ಕೇಂದ್ರ ಶೇ. 60 ಕೊಡುವುದು ಮುಖ್ಯವಾಗಿ 2011ರ ಸಾಮಾಜಿಕ ಆರ್ಥಿಕ ಗಣತಿಯ ಲೆಕ್ಕದಲ್ಲಿ ಬಂದ ಕುಟುಂಬಗಳಿಗೆ. ಉಳಿದವರಲ್ಲಿ ಹೆಚ್ಚಿನವರ ಖರ್ಚು ರಾಜ್ಯದ್ದು. ಆದರೆ ಸಂಬಳಕ್ಕೆ ತಕ್ಕಂತೆ ವಂತಿಗೆ ಕಟ್ಟಿಸಿಕೊಳ್ಳುವುದು ರಾಜ್ಯಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ತನ್ನ ನೌಕರರಿಗೆ ಮಾಡಿದ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ಡಿ ಗುಂಪಿನವರಿಗೆ ತಿಂಗಳಿಗೆ 250, ಸಿ ಗುಂಪಿಗೆ 350, ಬಿಗೆ 500, ಎಗೆ 1,000 ಎಂದು ನಾಲ್ಕು ಮೆಟ್ಟಿಲು ಇಟ್ಟಿದೆ. ರೇಷನ್ ಕಾರ್ಡಿಗೆ ಮಾತ್ರ ಎರಡೇ ಮೆಟ್ಟಿಲು: ಪೂರ್ತಿ ಉಚಿತ, ಇಲ್ಲವೇ ಶೇ. 30. ಹತ್ತು ಅಂತಸ್ತಿನ ಕಟ್ಟಡದ ಮಾಲೀಕನಿಗೂ ಶೇ. 30, ಎರಡು ಎಕರೆ ತೆಂಗಿನ ಚಿಕ್ಕಪ್ಪನಿಗೂ ಶೇ. 30. ತಿಂಗಳಿಗೆ 250 ಕಟ್ಟಿ, ನಿಮಗೂ 5 ಲಕ್ಷದ ಚಿಕಿತ್ಸೆ ಅಂದಿದ್ದರೆ ಚಿಕ್ಕಪ್ಪ ಖುಷಿಯಿಂದ ಹಾಲಿನ ಬಿಲ್ಲಿನಲ್ಲೇ ಹಿಡಿದುಕೊಳ್ಳಿ ಅನ್ನುತ್ತಿದ್ದರು. ಹಾಗೆ ಕೇಳಿದವರು ಯಾರೂ ಇರಲಿಲ್ಲ.

ಡೈರಿಯಲ್ಲೇ ಇದ್ದದ್ದು

ನಿಜ ಹೇಳಬೇಕೆಂದರೆ, ಒಂದು ಕಡೆ ಕೇಳಿದ್ದರು. ಯಶಸ್ವಿನಿ.

2003ರಲ್ಲಿ ಯಶಸ್ವಿನಿ ಶುರುವಾದಾಗ ಸದಸ್ಯರು ಕಟ್ಟುತ್ತಿದ್ದುದು ತಿಂಗಳಿಗೆ 5 ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದಾಗ ಕಷ್ಟಕ್ಕೆ ಸಿಕ್ಕಿದ್ದು ಇಂಥ ನಡುವಿನ ರೈತರೇ. ಬಿಪಿಎಲ್ ಇದ್ದವರಿಗೆ ಲಾಭವಾಯಿತು. ಎಪಿಎಲ್ ಕಾರ್ಡಿನ ರೈತರಿಗೆ ವಂತಿಗೆ ಕಟ್ಟಿ ಪಡೆಯುತ್ತಿದ್ದ ಚಿಕಿತ್ಸೆ ಹೋಗಿ ಶೇ. 30 ಉಳಿಯಿತು. ರೈತರು ಕೇಳಿ ಕೇಳಿ, 2022ರ ಕೊನೆಗೆ ನೋಂದಣಿ ಮತ್ತೆ ಶುರುವಾಯಿತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000. ಮಿತಿ ವರ್ಷಕ್ಕೆ 5 ಲಕ್ಷ. ಹೃದಯದ ಚಿಕಿತ್ಸೆಯೂ ಇದರಲ್ಲಿದೆ. ವರ್ಷಕ್ಕೊಮ್ಮೆ, ಗೊತ್ತುಮಾಡಿದ ತಿಂಗಳುಗಳಲ್ಲಿ ಮಾತ್ರ ನೋಂದಣಿ.

ಚಿಕ್ಕಪ್ಪ ಹಾಲಿನ ಸಂಘದ ಹಳೇ ಸದಸ್ಯರು. ಸಂಘದ ಕಾರ್ಯದರ್ಶಿ ಒಂದೆರಡು ಸಲ ಹೇಳಿಯೂ ಇದ್ದರಂತೆ. "ನಮಗೆ ಕಾರ್ಡ್ ಐತಲ್ಲಪ್ಪ, ಇನ್ನೊಂದ್ ಯಾಕೆ" ಅಂತ ಚಿಕ್ಕಪ್ಪ ಬಿಟ್ಟಿದ್ದರು. ಆಗ ಅದು ಸರಿಯಾದ ಮಾತೇ. ಕಾರ್ಡ್ ಹೋದ ಮೇಲೆ ಆ ಮಾತನ್ನು ಮತ್ತೆ ಯೋಚಿಸಬೇಕಿತ್ತು. ಕಾರ್ಡ್ ರದ್ದು ಮಾಡುವಾಗ ಒಂದು ಸಾಲು ತಿಳಿಸಿದ್ದರೆ ಸಾಕಿತ್ತು: ಇನ್ನು ಮುಂದೆ ನಿಮಗೆ ಉಚಿತ ಚಿಕಿತ್ಸೆ ಇಲ್ಲ, ಸಹಕಾರ ಸಂಘದಲ್ಲಿದ್ದರೆ ಯಶಸ್ವಿನಿ ಮಾಡಿಸಿಕೊಳ್ಳಿ.

ಆಮೇಲೆ ನೋಂದಣಿ ತೆರೆದಾಗ ಚಿಕ್ಕಮ್ಮ ಮೊದಲ ವಾರವೇ ಹೋಗಿ 500 ಕಟ್ಟಿ ಬಂದರು. ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಡವೆ ಅಡ ಇಟ್ಟ ಬ್ಯಾಂಕಿನ ಚೀಟಿಯ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಸರ ಬಿಡಿಸಿಕೊಂಡಾಗಿದೆ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.

ಯಾವ ಯೋಜನೆಯೂ ಕೊಡದ ಒಂದು ಖರ್ಚು ಎರಡೂ ಮನೆಯಲ್ಲಿ ಮುಂದುವರಿದಿದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಪ್ಪಿಸುವಂತಿಲ್ಲ. ಆಯುಷ್ಮಾನ್ ಭಾರತ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧ ಸೇರಿದೆ, ಆಮೇಲಿನದು ನಮ್ಮದೇ. ಆಸ್ಪತ್ರೆಯ ಪಕ್ಕದ ಮೆಡಿಕಲ್ ಶಾಪಿನಲ್ಲಿ ಚಿಕ್ಕಪ್ಪನ ತಿಂಗಳ ಮಾತ್ರೆಗೆ 1,900 ಆಗುತ್ತಿತ್ತು. ವರ್ಷಕ್ಕೆ ಸುಮಾರು 23 ಸಾವಿರ. ಹಸುವಿನ ಹಿಂಡಿ ಖರ್ಚು ಹೊಂದಿಸಲು ದೊಡ್ಡಪ್ಪ ಎರಡು ಸಲ ಮಾತ್ರೆ ನಿಲ್ಲಿಸಿದ್ದರು, ನಮಗೆ ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಾದ ದಿನ ನಾನು ಅವರ ಮೇಲೆ ರೇಗಿದೆ, ಆಮೇಲೆ ಅತ್ತೆ.

ಈಗ ತಾಲ್ಲೂಕು ಕೇಂದ್ರದ ಜನೌಷಧಿ ಅಂಗಡಿಯಲ್ಲಿ ಅದೇ ಮಾತ್ರೆಗಳನ್ನು ತರುತ್ತೇವೆ, ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ತಿಂಗಳಿಗೊಮ್ಮೆ ಕೊಬ್ಬರಿ ಮಾರಲು ಯಾರು ಹೋದರೂ ಇಬ್ಬರ ಚೀಟಿಯನ್ನೂ ಒಯ್ಯುತ್ತಾರೆ, ಇಬ್ಬರ ಮಾತ್ರೆಯನ್ನೂ ತರುತ್ತಾರೆ. ಹೋದ ತಿಂಗಳು ಹೋದದ್ದು ದೊಡ್ಡಮ್ಮ. ಗೋಡೆಯ ಮೇಲಿನಿಂದ ಕವರ್ ಚಾಚಿ, "ಏ, ನಿಮ್ಮನೆಯವರ ಮಾತ್ರೆ ತಗೊಳ್ಳೇ" ಅಂತ ಕೂಗಿದರು.